ಒರೊಂಗೊರೊಂಗೊ ಕಣಿವೆಯ ಕಾಡಿನ ಹಟ್: ದೇವರಾಯನದುರ್ಗದ ಬೆಟ್ಟ ಹತ್ತೋ ನಮ್ ತುಮಕೂರಿನವ್ರಿಗೆ ಒಂದು ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕೂವರೆ ಸ್ಟಾರ್. ಹಟ್ ಅಂದ್ರೆ ಕಾಡಲ್ಲಿ ನಡಿಯೋರು ರಾತ್ರಿ ಉಳ್ಕೊಳ್ಳೋ ಸಣ್ಣ ಮನೆ. ನ್ಯೂಜಿಲೆಂಡ್‌ನಿಂದ ವಾಪಸ್ ಬಂದಾಗಿಂದ ನಮ್ ಭಾನುವಾರದ ಗ್ರೂಪಲ್ಲಿ ಎಲ್ರೂ ಅದನ್ನೇ ಕೇಳ್ತಿದಾರೆ, ಅಕ್ಕ ಹೆಂಗಿತ್ತು, ಕಾಡಲ್ಲಿ ಮಲ್ಗಿದ್ರಂತೆ, ಭಯ ಆಗ್ಲಿಲ್ವಾ, ಖರ್ಚೆಷ್ಟು, ನಾವೂ ಹೋಗ್ಬೋದಾ ಅಂತ. ಒಬ್ಬೊಬ್ರಿಗೂ ದುರ್ಗದ ನಾಮದ ಚಿಲುಮೆ ಬುಗ್ಗೆ ಹತ್ರ ನಿಂತ್ಕೊಂಡು ಹೇಳೋ ಬದ್ಲು ಒಂದೇ ಸಲ ಇಲ್ಲಿ ಬರ್ದು ಹಾಕ್ತಿದೀನಿ, ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಾದಾಗ ಓದಿ.

ನನ್ ತಂಗಿ ಇರೋದು ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್ ಅನ್ನೋ ಊರಲ್ಲಿ (ಇಲ್ಲಿ ಹಟ್ ಅನ್ನೋದು ಬರೀ ಊರಿನ ಹೆಸರು). ಅಲ್ಲಿಂದ ಗುಡ್ಡ ದಾಟಿ ವೈನುಯಿಯೊಮಾಟಾ ಮೇಲೆ ಕಾರಲ್ಲಿ ಹೋದ್ರೆ ರೆಮುಟಾಕಾ ಫಾರೆಸ್ಟ್ ಪಾರ್ಕ್ ಸಿಗತ್ತೆ, ಕ್ಯಾಚ್‌ಪೂಲ್ ಅನ್ನೋ ಕಡೆ ಕಾರ್ ಪಾರ್ಕಿಂಗ್, ಅಲ್ಲಿಂದ ಕಾಲ್ನಡಿಗೆ. ಒರೊಂಗೊರೊಂಗೊ ನದಿ ತನಕ ಸುಮಾರು 5 ಕಿಲೋಮೀಟರ್, ಆರಾಮಾಗಿ ನಡೆದ್ರೆ ಎರಡು ಗಂಟೆ. ನಮ್ ಮಧುಗಿರಿ ಏಕಶಿಲೆ ಹತ್ತಿರೋರಿಗೆ ಈ ದಾರಿ ಏನೇನೂ ಅಲ್ಲ, ಕಂಬಿ ಹಿಡ್ಕೊಂಡು ಹತ್ತೋ ಜಾಗ ಒಂದೂ ಇಲ್ಲ, ಚಿಕ್ಕ ಮಕ್ಳು ಬ್ಯಾಗ್ ಹಾಕ್ಕೊಂಡು ಓಡ್ಕೊಂಡ್ ಹೋಗ್ತಿದ್ವು. ಆದ್ರೆ ಕಾಡು ಮಾತ್ರ ಬೇರೆನೇ ಲೋಕ. ನಮ್ ಕಡೆ ಕುರುಚಲು ಕಾಡು, ಬಂಡೆ, ಬೇಸಿಗೇಲಿ ಒಣಗಿ ಗರಗರ ಅನ್ನತ್ತೆ. ಅಲ್ಲಿ ತೆಂಗಿನ ಮರದಷ್ಟು ಎತ್ತರ ಬೆಳೆದಿರೋ ಜರೀಗಿಡಗಳು, ಮೇಲೆ ರಾಟಾ, ರಿಮು ಅನ್ನೋ ದೊಡ್ಡ ದೊಡ್ಡ ಮರ, ಕಲ್ಲು ಕೊಂಬೆ ಎಲ್ಲಾದ್ರ ಮೇಲೂ ಹಸಿ ಪಾಚಿ, ಮಧ್ಯಾಹ್ನ 12 ಗಂಟೆಗೂ ನೆರಳು. ಹಾವಿಲ್ಲ. ಆ ದೇಶದಲ್ಲೇ ಹಾವಿಲ್ಲ ಕಣ್ರೀ, ಚಿರತೆ ಕರಡಿ ಅಂತೂ ಇಲ್ವೇ ಇಲ್ಲ. ದುರ್ಗದ ಕಾಡಲ್ಲಿ ಸಂಜೆ ಆದ್ರೆ ಸಾಕು ಚಿರತೆ ಅಂತ ಕಿವಿ ನೆಟ್ಟಗೆ ಮಾಡ್ಕೊಂಡು ನಡಿಯೋ ನಮಗೆ ಇದು ತಲೆಗೆ ಇಳಿಯೋಕೇ ಟೈಮ್ ಹಿಡೀತು, ನಮ್ಮನೆಯವ್ರು ಅಭ್ಯಾಸಬಲದಿಂದ ಒಂದು ಕೋಲು ಹಿಡ್ಕೊಂಡೇ ಬಂದ್ರು.

ಅಲ್ಲಿ ಜೀವ ತೆಗಿಯೋದು ನೀರು ಮತ್ತೆ ಚಳಿ. ಇದನ್ನ ಒತ್ತಿ ಹೇಳ್ತೀನಿ. ಒರೊಂಗೊರೊಂಗೊ ನದಿ ನೋಡೋಕೆ ಸಾಧು, ಅಗಲವಾದ ಜಲ್ಲಿಕಲ್ಲಿನ ಹಾಸು, ಮಧ್ಯದಲ್ಲಿ ಮೂರ್ನಾಕು ಕವಲಾಗಿ ಮೊಣಕಾಲು ಮುಳುಗದಷ್ಟು ನೀರು. ಮೇಲೆ ಬೆಟ್ಟದಲ್ಲಿ ಮಳೆ ಬಿತ್ತು ಅಂದ್ರೆ ಗಂಟೆಗಳಲ್ಲೇ ಕಂದು ಬಣ್ಣಕ್ಕೆ ತಿರುಗಿ ಕಲ್ಲುಗಳನ್ನ ಉರುಳಿಸ್ಕೊಂಡು ಬರತ್ತೆ. ಬಿಳಿಯರು ಬಂದು ಊರು ಕಟ್ತಿದ್ದ ಕಾಲದಲ್ಲಿ ನದಿ ದಾಟೋವಾಗ ಎಷ್ಟು ಜನ ಸಾಯ್ತಿದ್ರು ಅಂದ್ರೆ ಮುಳುಗಿ ಸಾಯೋದಕ್ಕೆ 'ನ್ಯೂಜಿಲೆಂಡ್ ಸಾವು' ಅಂತಾನೇ ಹೆಸರು ಬಿದ್ದಿತ್ತು. ಈಗ ಮಕ್ಳಿಗೂ ದಾಟೋದು ಹೇಳ್ಕೊಡ್ತಾರೆ. ಪಕ್ಕಪಕ್ಕ ನಿಂತ್ಕೊಂಡು ಒಬ್ಬರ ಕೈ ಇನ್ನೊಬ್ಬರ ಬೆನ್ನು ಮತ್ತೆ ಬ್ಯಾಗಿನ ಮಧ್ಯೆ ತೂರ್ಸಿ ಪಟ್ಟಿ ಗಟ್ಟಿಯಾಗಿ ಹಿಡ್ಕೋಬೇಕು, ಗಟ್ಟಿಮುಟ್ಟಾದೋರು ನೀರು ಬರೋ ಕಡೆಗೆ, ಎಲ್ರೂ ಒಟ್ಟಿಗೆ ಹೆಜ್ಜೆ ಹಾಕ್ಬೇಕು, ಶೂ ಬಿಚ್ಚಬಾರ್ದು. ನಮ್ ತಂಗಿ ಹತ್ತು ವರ್ಷದ ಮಗಳೇ ನನಗೆ ನಿಂತ್ಕೊಂಡು ಕಲಿಸಿದ್ದು, 'ದೊಡ್ಡಮ್ಮ, ಕೆಳಗೆ ನೋಡ್ಬೇಡ, ಆ ದಡ ನೋಡು' ಅಂತ. ನೀರು ಎಷ್ಟು ಕೊರೀತಿತ್ತು ಅಂದ್ರೆ ಆಚೆ ದಡಕ್ಕೆ ಹೋಗೋ ಹೊತ್ಗೆ ಪಾದ ಇದೆಯೋ ಇಲ್ವೋ ಗೊತ್ತಾಗ್ತಿರ್ಲಿಲ್ಲ.

ಈಗ ಹಟ್ ವಿಷ್ಯಕ್ಕೆ ಬರ್ತೀನಿ. ನಾವು ಉಳ್ಕೊಂಡಿದ್ದು ಅಲ್ಲಿನ ಸಂರಕ್ಷಣಾ ಇಲಾಖೆಯಿಂದ ಆನ್‌ಲೈನಲ್ಲಿ ಬುಕ್ ಮಾಡೋ ಥರದ್ದು, ಪೂರ್ತಿ ಮನೆ ನಮ್ಮೊಬ್ಬರಿಗೇ. ನದಿ ಮೇಲಿನ ಸಣ್ಣ ದಿಬ್ಬದಲ್ಲಿ ತಗಡಿನ ಮನೆ, ಒಳಗೆ ಮರದ ಅಟ್ಟಣೆ ಥರ ಮೇಲೊಂದು ಕೆಳಗೊಂದು ಬಂಕ್, ಒರೆಸಿದ್ರೆ ಕ್ಲೀನ್ ಆಗೋ ಪ್ಲಾಸ್ಟಿಕ್ ಕವರಿನ ಹಾಸಿಗೆ, ಒಂದು ಉದ್ದ ಟೇಬಲ್, ಬೆಂಚು, ಕಬ್ಬಿಣದ ಸೌದೆ ಒಲೆ. ಮೇಲಿನ ಮಳೆನೀರು ಟ್ಯಾಂಕಿಗೆ, ಟ್ಯಾಂಕಿಂದ ಒಂದು ನಲ್ಲಿ. ಟಾಯ್ಲೆಟ್ ಹೊರಗಡೆ, ಗುಂಡಿ ಟಾಯ್ಲೆಟ್, ಪೇಪರ್ ನೀವೇ ತಗೊಂಡು ಹೋಗ್ಬೇಕು. ಕರೆಂಟ್ ಇಲ್ಲ, ರಗ್ಗು ದಿಂಬು ಇಲ್ಲ, ಅಡಿಗೆಯವನಿಲ್ಲ, ವಾಚ್‌ಮನ್ ಇಲ್ಲ, ರೂಮ್ ಬಾಯ್ ಇಲ್ಲ. ರೆಸಾರ್ಟ್ ಅಂದ್ಕೊಂಡು ಹೋಗೋರು ದಯವಿಟ್ಟು ಹೋಗ್ಬೇಡಿ, ಬೇಜಾರಾಗ್ತೀರ. ಆದ್ರೆ ಕಸ ಗುಡಿಸೋ ಪೊರಕೆ ಇತ್ತು, ಬಾಗಿಲ ಹಿಂದೆ ಮೊಳೆಗೆ ನೇತು ಹಾಕಿದ್ರು, ಒಲೆ ಪಕ್ಕ ಒಣ ಸೌದೆ ಸೈಜ್ ಪ್ರಕಾರ ಜೋಡ್ಸಿತ್ತು, ದಪ್ಪದ್ದು ಕೆಳಗೆ, ಕಡ್ಡಿ ಚಕ್ಕೆ ಮೇಲೆ, ಅದ್ರ ಮೇಲೆ ಒಂದು ಹಳೇ ಪೇಪರ್ ಮಡಚಿಟ್ಟಿದ್ರು. ನಮಗಿಂತ ಮುಂಚೆ ಇದ್ದೋರು ಮಾಡಿಟ್ಟು ಹೋಗಿದ್ದು. ಅವರ ಮುಖ ನಾವು ನೋಡಿಲ್ಲ, ನಮ್ಮ ಮುಖ ಅವ್ರು ನೋಡಲ್ಲ. ಒದ್ದೆ ಪ್ಯಾಂಟಲ್ಲಿ ನಡುಗ್ತಾ ಒಳಗೆ ಬಂದು ಆ ಸೌದೆ ನೋಡಿದ್ನಲ್ಲ, ಆ ಕ್ಷಣಕ್ಕೇ ನಾಲ್ಕು ಸ್ಟಾರ್ ಕೊಟ್ಟಾಗಿತ್ತು.

ಟೇಬಲ್ ಮೇಲೆ ಒಂದು ಪುಸ್ತಕ ಇರತ್ತೆ, ಎಲ್ಲಾ ಹಟ್‌ನಲ್ಲೂ ಇರತ್ತೆ. ಹೆಸರು, ಎಷ್ಟು ಜನ, ಎಲ್ಲಿಂದ ಬಂದ್ರಿ, ಮುಂದೆ ಎಲ್ಲಿಗೆ, ಹವಾ ಹೆಂಗಿತ್ತು ಅಂತ ಬರೀಬೇಕು. ಯಾರಾದ್ರೂ ಕಾಣೆಯಾದ್ರೆ ಹುಡುಕೋರು ಮೊದ್ಲು ತೆಗ್ಯೋದು ಇದನ್ನೇ, ಕೊನೇ ಸಲ ಎಲ್ಲಿದ್ರು ಯಾವ ಕಡೆ ಹೊರಟ್ರು ಅನ್ನೋದು ಅದ್ರಲ್ಲೇ ಸಿಗತ್ತೆ. ಹಾಗಾಗಿ ಮಲಗದೇ ಹೋದ್ರೂ, ಬರೀ ಟೀ ಕುಡಿಯೋಕೆ ನಿಂತ್ರೂ ಬರೀತಾರೆ. ನಾನು ಊರು ಅನ್ನೋ ಕಾಲಮ್ಮಲ್ಲಿ ತುಮಕೂರು ಅಂತ ಕನ್ನಡದಲ್ಲೂ ಬರ್ದು ಬಂದೆ.

ಮಾರನೇ ದಿನ ಬೆಳಗ್ಗೆ ಪಕ್ಕದ ಖಾಸಗಿ ಹಟ್‌ನಿಂದ ಒಬ್ರು ವಯಸ್ಸಾದೋರು ಬಂದು ಬಾಗಿಲಲ್ಲಿ ನಿಂತು ಮಾತಾಡಿಸಿದ್ರು. ಆ ಕಣಿವೇಲಿ ಇಲಾಖೆ ಹಟ್ ಜೊತೆಗೆ ಜನಗಳೇ ಕಟ್ಟಿಕೊಂಡ ಹಟ್‌ಗಳು ಹತ್ತಾರು ಇವೆ, ಮರಗಳ ಮಧ್ಯೆ ಅಡಗಿರ್ತವೆ, ಅವಕ್ಕೆ ಬೀಗ ಇರತ್ತೆ. ಅವರ ಅಪ್ಪ ಮತ್ತೆ ಅಪ್ಪನ ಫ್ರೆಂಡ್ಸ್ ವಾರದ ಕೊನೇಲಿ ಕೆಲಸ ಮುಗಿಸ್ಕೊಂಡು ಬಂದು ತಗಡು, ಸಿಮೆಂಟು, ಕಿಟಕಿ ಗಾಜು ಎಲ್ಲಾ ಬೆನ್ನ ಮೇಲೆ ಹೊತ್ಕೊಂಡು ಇದೇ ದಾರೀಲಿ ತಂದಿದ್ದಂತೆ. ಗಾಜು ಹೊರೋನು ಎಲ್ರಿಗಿಂತ ಹಿಂದೆ ನಡೀತಿದ್ನಂತೆ, ಮುಂದಿನವನ ಬ್ಯಾಗು ತಾಕಿ ಒಡೀಬಾರ್ದು ಅಂತ. ಅವ್ರು ಹೇಳ್ತಾ ಹೇಳ್ತಾ ನನಗೆ ಈ ಹಟ್‌ಗಳ ಕಥೆ ಪೂರ್ತಿ ತಿಳ್ಕೋಬೇಕು ಅನ್ನಿಸ್ತು, ವಾಪಸ್ ಬಂದ್ಮೇಲೆ ತಂಗಿ ಊರಿನ ಲೈಬ್ರರೀಲಿ ಕೂತು ಓದಿದೆ. ಓದಿದ್ಮೇಲೆ ಆ ತಗಡಿನ ಮನೆ ಮೇಲಿನ ಗೌರವ ಇನ್ನೂ ಜಾಸ್ತಿ ಆಯ್ತು.

ಮೊದ್ಲು ಆ ಕಾಡು ದಾರಿಗಳೆಲ್ಲ ಮಾವೊರಿ ಜನರದ್ದು. ಆಮೇಲೆ ಕುರಿ ಕಾಯೋರು, ಚಿನ್ನ ಹುಡುಕೋರು, ಸರ್ವೆಯೋರು ಗುಡಿಸಲು ಹಾಕ್ಕೊಂಡ್ರು. ದಕ್ಷಿಣ ದ್ವೀಪದಲ್ಲಿ 1888ರಲ್ಲಿ ಕ್ವಿಂಟಿನ್ ಮೆಕಿನನ್ ಅನ್ನೋರು ಬೆಟ್ಟ ದಾಟೋ ದಾರಿ ಕಂಡುಹಿಡಿದ್ರು, ಅದೇ ಈಗ ಫೇಮಸ್ ಆಗಿರೋ ಮಿಲ್ಫರ್ಡ್ ಟ್ರ್ಯಾಕ್. ಆದ್ರೆ ಅದು ದುಡ್ಡು ಕೊಟ್ಟು ಗೈಡ್ ಜೊತೆ ಹೋಗೋರಿಗೆ ಮಾತ್ರ ಅನ್ನೋ ಹಾಗಾಗಿತ್ತು, 1960ರ ದಶಕದಲ್ಲಿ ಒಟಾಗೊ ಕಡೆ ಕಾಡಲ್ಲಿ ನಡಿಯೋ ಕ್ಲಬ್ಬಿನವ್ರು ನಾವು ನಮ್ ಪಾಡಿಗೆ ನಡೀತೀವಿ ಅಂತ ಹಠ ಹಿಡಿದು ನಡೆದು ತೋರ್ಸಿದ್ಮೇಲೆ ಸಾಮಾನ್ಯ ಜನಕ್ಕೂ ಹಟ್ ಆಯ್ತು. ಇದು ನನಗೆ ತುಂಬಾ ಹಿಡಿಸಿದ ವಿಷ್ಯ.

ಟ್ರ್ಯಾಂಪಿಂಗ್ ಅಂದ್ರೆ ಅವರ ಕಡೆ ಬೆನ್ನಿಗೆ ಸಾಮಾನು ಹಾಕ್ಕೊಂಡು ಕಾಡಲ್ಲಿ ನಡಿಯೋದು. ಆ ದೇಶದ ಮೊದಲ ಕ್ಲಬ್ಬು ತರರುವಾ ಟ್ರ್ಯಾಂಪಿಂಗ್ ಕ್ಲಬ್, 1919ರಲ್ಲಿ ವೆಲ್ಲಿಂಗ್ಟನ್‌ನಲ್ಲೇ ಶುರುವಾಗಿದ್ದು, ಈಗ ನೂರು ವರ್ಷ ದಾಟಿದೆ. ಅವ್ರು ತರರುವಾ ಬೆಟ್ಟದಲ್ಲಿ 1924ರಲ್ಲಿ ಕಟ್ಟಿದ ಫೀಲ್ಡ್ ಹಟ್ ಇವತ್ತಿಗೂ ನಿಂತಿದೆ, ಮರ ಅಲ್ಲೇ ಕಾಡಲ್ಲೇ ಕೈಗರಗಸದಲ್ಲಿ ಕೊಯ್ದು ಕಟ್ಟಿದ್ದು, ಇವತ್ತೂ ಜನ ಅದ್ರೊಳಗೆ ಮಲಗ್ತಾರೆ. 1936ರಲ್ಲಿ ವಾರಕ್ಕೆ 40 ಗಂಟೆ ಕೆಲಸ ಅನ್ನೋ ಕಾನೂನು ಬಂತು, ಶನಿವಾರ ಪೂರ್ತಿ ರಜಾ ಸಿಕ್ಕಿದ ಗುಮಾಸ್ತರು, ಫ್ಯಾಕ್ಟರಿಯೋರು, ಟೀಚರ್‌ಗಳು ಗುಂಪು ಗುಂಪಾಗಿ ಬೆಟ್ಟಕ್ಕೆ ಹೊರಟ್ರು. ಒರೊಂಗೊರೊಂಗೊ ಥರ ಸಿಟಿ ಪಕ್ಕದ ಕಣಿವೆಗಳು ತುಂಬಿ ತುಳುಕಿದ್ದು ಹೀಗೆ. ಸಂಬಳದೋರ ಬೆಟ್ಟ ಅದು, ನಮ್ ಗ್ರೂಪ್ ಥರಾನೇ.

ಇನ್ನೊಂದು ಕಡೆಯಿಂದ ಹಟ್‌ಗಳು ಬಂದಿದ್ದು ಜಿಂಕೆಯಿಂದ. ಬಾವಲಿ ಬಿಟ್ರೆ ನೆಲದ ಮೇಲಿನ ಸಸ್ತನಿ ಪ್ರಾಣಿನೇ ಇಲ್ಲದ ದೇಶ ಅದು, ಬ್ರಿಟಿಷರು ಬೇಟೆ ಖುಷಿಗೆ ಅಂತ 1851ರಿಂದ ಕೆಂಪು ಜಿಂಕೆ ತಂದು ಬಿಟ್ರು. ಹಿಡಿಯೋ ಹುಲಿ ಚಿರತೆ ಇಲ್ಲ, ಮೇವು ಬೇಕಾದಷ್ಟು, ಹೆಚ್ಕೊಂಡು ಹೆಚ್ಕೊಂಡು ಕಾಡಿನ ಸಸಿಗಳನ್ನೆಲ್ಲ ಮೇದು ಹಾಕಿದ್ವು. ಗುಡ್ಡ ಕುಸಿದು ಕೆಳಗಿನ ಹೊಲಕ್ಕೆ ಬರತ್ತೆ ಅನ್ನೋ ಭಯದಲ್ಲಿ ಸರ್ಕಾರ 1930ರಿಂದ ಸಂಬಳ ಕೊಟ್ಟು ಬೇಟೆಗಾರರನ್ನ ಇಟ್ಟು ಹೊಡೆಸೋಕೆ ಶುರು ಮಾಡ್ತು. ಮೊದ್ಲು ಟೆಂಟಲ್ಲೇ ಮಳೇಲೇ ತಿಂಗಳುಗಟ್ಟಲೆ ಬದುಕ್ತಿದ್ರಂತೆ ಪಾಪ. 1956ರಲ್ಲಿ ಈ ಕೆಲಸ ಅರಣ್ಯ ಇಲಾಖೆಗೆ ಬಂದ್ಮೇಲೆ ಒಂದೇ ಪ್ಲಾನಿನ ಸಣ್ಣ ಹಟ್‌ಗಳನ್ನ ನೂರಾರು ಕಟ್ಟಿದ್ರು, ಸಾಮಾನನ್ನ ವಿಮಾನದಿಂದ ಕೆಳಕ್ಕೆ ಹಾಕ್ತಿದ್ರು, ಆಮೇಲೆ ಹೆಲಿಕಾಪ್ಟರ್ ಬಂತು. ಹೆಲಿಕಾಪ್ಟರಲ್ಲೇ ಜಿಂಕೆ ಹೊಡೆದು ಮಾಂಸ ಮಾರೋ ವ್ಯಾಪಾರ ಶುರುವಾದ್ಮೇಲೆ ನಡೆದು ಬೇಟೆ ಆಡೋರ ಕೆಲಸ ಹೋಯ್ತು, ಹಟ್‌ಗಳು ಮಾತ್ರ ಉಳೀತು, ಟ್ರ್ಯಾಂಪಿಂಗ್ ಜನ ಅವನ್ನ ತಮ್ಮವು ಮಾಡ್ಕೊಂಡ್ರು. ಜಿಂಕೆ ಹೊಡಿಯೋಕೆ ಕಟ್ಟಿದ್ದು ಇವತ್ತು ಶಾಲೆ ಮಕ್ಳು ಮಲಗೋ ಜಾಗ.

ಒರೊಂಗೊರೊಂಗೊದಲ್ಲಿ ಜಿಂಕೆ ಜೊತೆ ಇನ್ನೊಂದು ಕಾಟ, ಪಾಸಮ್. ಆಸ್ಟ್ರೇಲಿಯಾದಿಂದ ತುಪ್ಪಳಕ್ಕೆ ಅಂತ ತಂದಿದ್ದ ಬೆಕ್ಕಿನ ಗಾತ್ರದ ಪ್ರಾಣಿ, ರಾಟಾ ಮರದ ಎಲೆ ತಿಂದು ತಿಂದು ಮರಾನೇ ಒಣಗಿಸತ್ತೆ. ವಿಜ್ಞಾನಿಗಳು 1960ರ ದಶಕದಿಂದ ಈ ಕಣಿವೇಲೇ ಕೂತು ಅವನ್ನ ಹಿಡಿದು ಗುರುತು ಹಾಕಿ ಬಿಟ್ಟು ಲೆಕ್ಕ ಇಟ್ಟಿದಾರೆ, ದಶಕಗಳ ಕಾಲ. 2006ರಿಂದ ಈ ಕಾಡಿಗೆ ಕಿವಿ ಹಕ್ಕೀನ ವಾಪಸ್ ತಂದು ಬಿಡ್ತಿರೋದೂ ಊರಿನ ಸ್ವಯಂಸೇವಕರ ಟ್ರಸ್ಟು, ಅದಕ್ಕೇ ನಾಯಿ ವಿಷ್ಯದಲ್ಲಿ ಅಲ್ಲಿ ಬಹಳ ಸ್ಟ್ರಿಕ್ಟು. ನಮಗೆ ಕಿವಿ ಹಕ್ಕಿ ಕೂಗು ಸಿಗ್ಲಿಲ್ಲ, ರುರು ಅನ್ನೋ ಸಣ್ಣ ಗೂಬೆ ಮಾತ್ರ ರಾತ್ರಿಯೆಲ್ಲಾ ತನ್ನ ಹೆಸರೇ ಕೂಗ್ತಿತ್ತು.

1987ರಲ್ಲಿ ಇದನ್ನೆಲ್ಲ ನೋಡ್ಕೊಳ್ಳೋಕೆ ಸಂರಕ್ಷಣಾ ಇಲಾಖೆ ಅಂತ ಆಯ್ತು, ಎಲ್ರೂ ಡಾಕ್ ಅಂತಾರೆ. ಈಗ ಅವರ ಕೈಲಿ 950ಕ್ಕೂ ಹೆಚ್ಚು ಹಟ್‌ಗಳಿವೆ. ತಗಡು ಗೂಡಿನಂಥ ಬಿವ್ವಿ, ಬೇಸಿಕ್ ಹಟ್ ಎಲ್ಲಾ ಫ್ರೀ, ಸ್ಟ್ಯಾಂಡರ್ಡ್, ಸರ್ವೀಸ್ಡ್ ಅಂತ ಮೇಲಕ್ಕೆ ಹೋದಂಗೆ ರೇಟ್ ಜಾಸ್ತಿ. ಬಹಳಷ್ಟು ಕಡೆ ಬುಕಿಂಗೇ ಇಲ್ಲ, ಮೊದ್ಲು ಬಂದೋರಿಗೆ ಬಂಕ್, ಟಿಕೆಟ್ ಮೊದ್ಲೇ ಕೊಂಡು ಅಲ್ಲಿರೋ ಡಬ್ಬಿಗೆ ಹಾಕಿದ್ರೆ ಮುಗೀತು, ನೋಡೋಕೆ ಯಾರೂ ಇರಲ್ಲ. ಜಾಸ್ತಿ ನಡಿಯೋರು 6 ತಿಂಗಳು ಇಲ್ಲ ವರ್ಷದ ಪಾಸ್ ತಗೋತಾರೆ, ಆದ್ರೆ ಗ್ರೇಟ್ ವಾಕ್ ಅನ್ನೋ ಹೆಸರಾದ ದಾರಿಗಳ ಹಟ್‌ಗಳಿಗೂ ನಾವಿದ್ದಂಥ ಬುಕಿಂಗ್ ಹಟ್‌ಗಳಿಗೂ ಆ ಪಾಸ್ ನಡಿಯಲ್ಲ.

ಎಲ್ಲಾ ಯಾವಾಗ್ಲೂ ಚೆನ್ನಾಗೇ ಇತ್ತು ಅಂತೇನಿಲ್ಲ. 1995ರ ಏಪ್ರಿಲ್ 28ಕ್ಕೆ ಕೇವ್ ಕ್ರೀಕ್ ಅನ್ನೋ ಕಡೆ ಕಣಿವೆ ನೋಡೋಕೆ ಕಟ್ಟಿದ್ದ ಕಟ್ಟೆ ಕುಸಿದು 14 ಜನ ಸತ್ರು, 13 ಜನ ಕಾಲೇಜ್ ಹುಡುಗ ಹುಡುಗೀರು, ಒಬ್ರು ಇಲಾಖೆಯವ್ರು. ಸರಿಯಾಗಿ ಇಂಜಿನಿಯರಿಂಗ್ ಮಾಡದೆ, ಬೋಲ್ಟ್ ಹಾಕೋ ಕಡೆ ಮೊಳೆ ಹೊಡೆದು ನಿಲ್ಲಿಸಿದ್ರು. ಆಮೇಲೆ ದೇಶದಲ್ಲಿರೋ ಹಟ್, ಸೇತುವೆ, ಕಟ್ಟೆ ಎಲ್ಲಾ ತಪಾಸಣೆ ಆಯ್ತು. ಇವತ್ತು ತೂಗುಸೇತುವೆ ಮುಂದೆ ಒಂದ್ಸಲಕ್ಕೆ ಇಷ್ಟೇ ಜನ ಅಂತ ಬೋರ್ಡ್ ಇರತ್ತೆ, ಜನ ನಿಂತು ಕಾಯ್ತಾರೆ, ಆ 14 ಜನರ ವಿಷ್ಯ ಓದಿದ್ಮೇಲೆ ನನಗೂ ಆ ಬೋರ್ಡ್ ದಾಟಿ ಹೋಗೋಕೆ ಕಾಲು ಬರಲ್ಲ. ದುಡ್ಡು ಸಾಲದೆ ದೂರದ ಹಟ್‌ಗಳು ಪಾಳು ಬೀಳ್ತಿದ್ದಾಗ 2014ರಲ್ಲಿ ಟ್ರ್ಯಾಂಪಿಂಗ್ ಕ್ಲಬ್ಬಿನವ್ರು, ಬೇಟೆಯವ್ರು, ಸೈಕಲ್ ತುಳಿಯೋರು ಸೇರ್ಕೊಂಡ್ರು, ಆಮೇಲೆ ಅದೇ ಬ್ಯಾಕ್‌ಕಂಟ್ರಿ ಟ್ರಸ್ಟ್ ಆಯ್ತು. ಬೇಟೆಯವ್ರಿಗೂ ನಡಿಯೋರಿಗೂ ಅಷ್ಟಕ್ಕಷ್ಟೇ ಅಂದ್ಕೊಂಡಿದ್ದೆ, ಆದ್ರೆ ತಗಡು ಬದಲಾಯಿಸೋಕೆ, ಪೇಂಟ್ ಹೊಡಿಯೋಕೆ ಇಬ್ರೂ ಒಂದೇ ಏಣಿ ಹತ್ತಾರೆ.

ಇದನ್ನ ಓದ್ತಾ ನನ್ ತಲೇಲಿ ಇದ್ದಿದ್ದು ನಾಮದ ಚಿಲುಮೆ. ಪಕ್ಷಿತಜ್ಞ ಸಲೀಂ ಅಲಿ ಅವ್ರು ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡ್ತಿದ್ದಾಗ ಉಳ್ಕೊಂಡಿದ್ದ ಗೆಸ್ಟ್ ಹೌಸು ಚಿಲುಮೆ ಎದುರಿಗೇ ಪಾಳು ಗೋಡೆಯಾಗಿ ನಿಂತಿದೆ. ಅವತ್ತು ಅಂಥ ಮನುಷ್ಯ ಅಲ್ಲಿ ಲಾಟೀನು ಹಚ್ಕೊಂಡು ಕೂತು ಹಕ್ಕಿ ಲೆಕ್ಕ ಬರೆದಿರ್ತಾರೆ, ಇವತ್ತು ನಾವು ಅದ್ರ ಮುಂದೆನೇ ಇಡ್ಲಿ ಡಬ್ಬಿ ಬಿಚ್ತೀವಿ. ನಮ್ ದುರ್ಗ ಅಂದ್ರೆ ಜಯಮಂಗಲಿ ನದಿ ಹುಟ್ಟೋ ಬೆಟ್ಟ, ಶಿಂಷಾ ಹುಟ್ಟೋ ಬೆಟ್ಟ. ದಾರಿಹೋಕರಿಗೆ ಬಾಗಿಲು ತೆಗೆದಿಡೋದು ನಮಗೇನು ಹೊಸದಾ? ಬೆಟ್ಟದ ಮೆಟ್ಟಿಲ ದಾರೀಲಿ ಕಲ್ಲಿನ ಮಂಟಪ, ಊರಾಚೆ ಛತ್ರ, ಬೇಸಿಗೇಲಿ ಅರವಟ್ಟಿಗೆ, ಅಷ್ಟೆಲ್ಲಾ ಯಾಕೆ ಸಿದ್ಧಗಂಗೆಗೆ ಯಾರೇ ಎಷ್ಟೊತ್ತಿಗೆ ಹೋದ್ರೂ ಊಟ ಇದೆ. ಆದ್ರೆ ಮಂಟಪದೊಳಗೆ ಇವತ್ತು ಏನಿದೆ ಅಂತ ನಿಮಗೂ ಗೊತ್ತು, ಒಡೆದ ಬಾಟ್ಲಿ, ಗೋಡೆ ಮೇಲೆ ಹೆಸರು, ಚಿಪ್ಸ್ ಕವರು. ನಾವು ಅದನ್ನ ನೋಡಿ ಛೇ ಅಂದು ಸೆಲ್ಫಿ ತಗೊಂಡು ಇಳೀತೀವಿ. ಇಲಾಖೆ ಮಾಡ್ಬೇಕು ಸರಿ, ಮಾಡ್ಲಿ, ಆದ್ರೆ ಅಲ್ಲಿ ಇಲಾಖೆ ಹುಟ್ಟೋಕೆ ಎಷ್ಟೋ ವರ್ಷ ಮುಂಚೆ ಸಂಬಳದ ಜನ ಗಾಜು ಹೊತ್ಕೊಂಡು ಬಂದ್ರು. ಮುಂದಿನ ಭಾನುವಾರ ನಾನು ಎರಡು ಗೋಣಿಚೀಲ, ಒಂದು ಪೊರಕೆ ತರ್ತೀನಿ, ಮೊದಲನೇ ಮಂಟಪದಿಂದ ಶುರು ಮಾಡೋಣ, ಯಾರ್ಯಾರು ಬರ್ತೀರ ಗ್ರೂಪಲ್ಲಿ ಹೇಳಿ.

ಅರ್ಧ ಸ್ಟಾರ್ ಕಟ್ ಆಗಿದ್ದು ಯಾಕೆ ಅಂದ್ರೆ ನಾವಿದ್ದ ಹಟ್‌ನಲ್ಲಿ ಗಾಳಿ ತಿರುಗಿದಾಗೆಲ್ಲ ಹೊಗೆ ಒಳಕ್ಕೆ ಬರ್ತಿತ್ತು, ಕಿಟಕಿ ಚಿಲಕ ಸಡಿಲ, ರಾತ್ರಿಯೆಲ್ಲ ಟಕಟಕ. ಇಲಿಗಳಿವೆ, ತಿಂಡಿ ಡಬ್ಬೀಲಿ ಹಾಕಿ ಮೊಳೆಗೆ ನೇತು ಹಾಕಿ, ನಮ್ ಕೋಡುಬಳೆ ಪ್ಯಾಕೆಟ್ ಮೂಲೆ ಕಡಿದಿದ್ವು. ಮಂಡಿ ನೋವಿರೋರಿಗೆ ಮೇಲಿನ ಬಂಕ್ ಹತ್ತೋದು ಕಷ್ಟ.

ಹೋಗೋರಿಗೆ ಒಂದಷ್ಟು. ಡಿಸೆಂಬರಿಂದ ಮಾರ್ಚ್ ತನಕ ಅಲ್ಲಿ ಬೇಸಿಗೆ, ಆಗ್ಲೇ ಹೋಗಿ, ವೀಕೆಂಡ್ ಬೇಗ ತುಂಬತ್ತೆ, ವಾರದ ಮಧ್ಯೆ ಬುಕ್ ಮಾಡಿ. ಕಾಟನ್ ಬಟ್ಟೆ ಬೇಡ, ಒದ್ದೆ ಆದ್ರೆ ಒಣಗಲ್ಲ, ಉಣ್ಣೆ ಇಲ್ಲ ಸಿಂಥೆಟಿಕ್ ಹಾಕಿ, ಬೇಸಿಗೆಯಾದ್ರೂ ರೈನ್‌ಕೋಟ್ ಬೇಕೇ ಬೇಕು. ಸ್ಲೀಪಿಂಗ್ ಬ್ಯಾಗ್, ಗ್ಯಾಸ್ ಸ್ಟೌ, ಟಾರ್ಚು, ಕ್ಯಾಂಡಲ್ ನೀವೇ ಒಯ್ಯಬೇಕು, ನೀರು ಕುದಿಸಿ ಕುಡೀರಿ. ಊಟಕ್ಕೆ ನಾವು ಹುರಿದ ರವೆ, ಚಟ್ನಿಪುಡಿ, ಅವಲಕ್ಕಿ ತಗೊಂಡಿದ್ವಿ, ಒಲೆ ಮೇಲೆ ಉಪ್ಪಿಟ್ಟು ಹತ್ತು ನಿಮಿಷದಲ್ಲಿ ಆಯ್ತು. ನದಿ ಕಂದು ಬಣ್ಣಕ್ಕೆ ತಿರುಗಿದ್ರೆ ದಾಟಬೇಡಿ, ಫ್ಲೈಟ್ ಮಿಸ್ ಆದ್ರೂ ಪರವಾಗಿಲ್ಲ, ಇನ್ನೊಂದು ರಾತ್ರಿ ಹಟ್‌ನಲ್ಲೇ ಇರಿ. ಬರೋವಾಗ ಗುಡಿಸಿ, ಕಸ ಪೂರ್ತಿ ವಾಪಸ್ ತನ್ನಿ, ಸೌದೆ ಜೋಡ್ಸಿಟ್ಟು ಬನ್ನಿ.

ಮತ್ತೆ ಬಹಳ ಮುಖ್ಯವಾದ್ದು, ಏರ್‌ಪೋರ್ಟಲ್ಲಿ ಟ್ರೆಕಿಂಗ್ ಶೂ ಇದೆ, ತಿಂಡಿ ಇದೆ ಅಂತ ಫಾರಮ್ಮಲ್ಲಿ ಬರೀಲೇಬೇಕು. ಮುಚ್ಚಿಟ್ಟು ಸಿಕ್ಕಿಹಾಕ್ಕೊಂಡ್ರೆ ಅಲ್ಲೇ 400 ಡಾಲರ್ ದಂಡ. ಶೂ ತಳದಲ್ಲಿ ಮಣ್ಣಿದ್ರೆ ತೊಳೆಸ್ತಾರೆ, ಬೇರೆ ದೇಶದ ಬೀಜ, ರೋಗ ಕಾಡಿಗೆ ಹೋಗ್ಬಾರ್ದು ಅಂತ. ಹೊರಡೋ ಹಿಂದಿನ ವಾರವೇ ಹಳೇ ಟೂತ್ ಬ್ರಷ್ ತಗೊಂಡು ಶೂ ತಳದ ಸಂದುಗೊಂದೆಲ್ಲ ಉಜ್ಜಿ ಬಿಸಿಲಲ್ಲಿ ಒಣಗಿಸಿಟ್ಕೊಳ್ಳಿ, ಆಮೇಲೆ ಹೊರಡೋ ತನಕ ಆ ಶೂನಲ್ಲಿ ಬೆಟ್ಟಕ್ಕೆ ಹೋಗ್ಬೇಡಿ.